ದೂರದಿಂದ ತಾನೇ, ಏನಾಗುತ್ತೆ?

ಇಳಿಯುತ್ತಿರುವ ವಿಮಾನಕ್ಕೆ ಹಸಿರು ಲೇಸರ್ ಬಿಟ್ಟು ಸಿಕ್ಕಿಬಿದ್ದವರು ಹೇಳುವ ಮಾತು ಒಂದೇ. "ಸುಮ್ನೆ ಬಿಟ್ಟೆ ಸಾರ್, ಅಷ್ಟು ದೂರದಿಂದ ಏನಾಗುತ್ತೆ?" ಇಂಥ ಸುದ್ದಿ ನೀವೂ ಓದಿರುತ್ತೀರಿ, ಬಿಡಿ.

ನನಗಂತೂ ಇವರ ಮೇಲೆ ಗೌರವ. ಭೌತಶಾಸ್ತ್ರದ ಪಾಠದಲ್ಲಿ ಅರ್ಧವನ್ನಾದರೂ ಓದಿದ್ದಾರೆ. ದೂರ ಎರಡರಷ್ಟಾದರೆ ಬೆಳಕಿನ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ, ನಿಜ. ಉಳಿದರ್ಧ ಪಾಠದಲ್ಲಿ "ಎಷ್ಟು ದೂರ" ಅಂತ ಒಂದು ಪ್ರಶ್ನೆ ಇತ್ತು, ಆ ದಿನ ರಜೆ ಹಾಕಿದ್ದರು ಅನಿಸುತ್ತೆ. ಕಿರಣ 1 ಮಿಲಿರೇಡಿಯನ್, ಅಂದ್ರೆ ಸಾವಿರ ಮೀಟರಿಗೆ ಒಂದು ಮೀಟರ್ ಅಗಲ, ಹರಡುತ್ತದೆ ಅಂದುಕೊಳ್ಳಿ. 5 ಮಿಲಿವ್ಯಾಟ್ ಲೇಸರ್ ಪೆನ್ನಾದರೆ ಸುಮಾರು 16 ಮೀಟರ್ ಆಚೆ ಕಣ್ಣು ಬಚಾವು. 1 ವ್ಯಾಟಿನದಾದರೆ ಸುಮಾರು 220 ಮೀಟರ್. ಅದೂ ಕಾಲು ಸೆಕೆಂಡಿನಲ್ಲಿ ರೆಪ್ಪೆ ಮುಚ್ಚಿದರೆ ಅನ್ನೋ ಲೆಕ್ಕ. ಕಿರಣ ಇನ್ನೂ ದೂರ ಹೋಗಲಿ ಅಂತ, ಅದು ಹರಡುವುದನ್ನು ತಗ್ಗಿಸುವ ಲೆನ್ಸು, ಬೀಮ್ ಎಕ್ಸ್‌ಪಾಂಡರ್ ಬೇರೆ ಕೊಂಡು ಸಿಕ್ಕಿಸುತ್ತಾರೆ. ಹರಡುವುದು ಅರ್ಧವಾದರೆ ಅಪಾಯದ ದೂರ ಎರಡರಷ್ಟು. ದುಡ್ಡು ಕೊಟ್ಟು ತಂದ ಅಪಾಯ, ಜೋಪಾನವಾಗಿ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಾರೆ.

ಇನ್ನೊಂದು ಜಾತಿಯ ವೀರರಿದ್ದಾರೆ. ಗೆಳೆಯನನ್ನು ಒಂದು ಕಿಲೋಮೀಟರ್ ಆಚೆ ನಿಲ್ಲಿಸಿ, ಫೋನ್ ಹಿಡಿದು ಪರೀಕ್ಷೆ ಮಾಡುವವರು.

"ಮಗಾ, ಕಾಣ್ತಾ ಇದ್ಯಾ?"

"ಇಲ್ಲ ಕಣೋ, ಸ್ವಲ್ಪ ಎಡಕ್ಕೆ. ತಡಿ ತಡಿ, ಬೈನಾಕ್ಯುಲರ್ ತೆಗೀತೀನಿ."

ಆಹಾ! ಅಲ್ಲಿಗೆ ತಲುಪುವ ಹೊತ್ತಿಗೆ ಕಿರಣ ಒಂದು ಮೀಟರ್ ಅಗಲ ಆಗಿರುತ್ತದೆ, ಬರಿಗಣ್ಣಿಗೆ ಬರೀ ಕಣ್ಣು ಕೋರೈಸುವಷ್ಟು. ಆದರೆ 7x50, ಅಂದ್ರೆ ಏಳು ಪಟ್ಟು ಹಿಗ್ಗಿಸುವ, 50 ಮಿಲಿಮೀಟರ್ ಗಾಜಿನ, ಬೈನಾಕ್ಯುಲರ್ ಅದನ್ನು ಐವತ್ತರ ಹತ್ತಿರ ಪಟ್ಟು ಹೆಚ್ಚಿಸಿ ಕಣ್ಣಿಗೆ ಸುರಿಯುತ್ತದೆ. 1 ವ್ಯಾಟಿನ ಲೇಸರಿಗೆ ಹೇಳಿದ ಆ 220 ಮೀಟರಿನ ಗಡಿ ಒಂದೂವರೆ ಕಿಲೋಮೀಟರಿಗೆ ಜಿಗಿಯುತ್ತದೆ, ಗೆಳೆಯ ಅದರೊಳಗೇ ನಿಂತಿರುತ್ತಾನೆ. ಇಂಥವನನ್ನು ಗೆಳೆಯ ಅಂತ ಯಾಕೆ ಕರೀತಾರೋ.

ಲೇಸರ್ ಜೊತೆಗೆ ಫ್ರೀ ಕನ್ನಡಕ ಬರುತ್ತದಲ್ಲ, ಕೆಂಪು ಪ್ಲಾಸ್ಟಿಕ್ಕಿನದು, ಅದು ಇನ್ನೊಂದು ಕಥೆ. ಯಾವ ತರಂಗಾಂತರವನ್ನು, ಅಂದ್ರೆ ಯಾವ ಬಗೆಯ ಬೆಳಕನ್ನು, ಎಷ್ಟು ತಡೆಯುತ್ತದೆ ಅಂತ ಅದರ ಮೇಲೆ ಬರೆದಿಲ್ಲ ಅಂದ್ರೆ ಅದು ಕನ್ನಡಕ ಅಲ್ಲ, ಧೈರ್ಯ. ಅಗ್ಗದ ಹಸಿರು ಲೇಸರಿನಿಂದ ಕಣ್ಣಿಗೆ ಕಾಣದ ಅವಗೆಂಪು ಕಿರಣವೂ ಸೋರಬಹುದು, ಅದಕ್ಕೆ ರೆಪ್ಪೆಯೂ ಮುಚ್ಚುವುದಿಲ್ಲ. ಇನ್ನು ಪೆನ್ನಿನ ಮೇಲಿನ "5 ಮಿಲಿವ್ಯಾಟ್" ನಂಬುತ್ತೀರಾ? 2013ರಲ್ಲಿ ಅಮೆರಿಕದ ಅಳತೆ-ಮಾನಕಗಳ ಸಂಸ್ಥೆ ಎನ್‌ಐಎಸ್‌ಟಿ 122 ಪಾಯಿಂಟರ್ ಪರೀಕ್ಷಿಸಿದ ಫಲಿತಾಂಶ ಹೇಳಿತು. ಹಸಿರಿನವುಗಳಲ್ಲಿ ಸುಮಾರು 90 ಶೇಕಡಾ ಸುರಕ್ಷತಾ ನಿಯಮಕ್ಕೆ ಹೊಂದಲಿಲ್ಲ.

ನಗು ಬರುತ್ತೆ, ಆಮೇಲೆ ಸುಸ್ತಾಗುತ್ತೆ. ಕಣ್ಣಿನ ಒಳಪರದೆ ರೆಟಿನಾದಲ್ಲಿ ನೋವು ತಿಳಿಸುವ ನರವೇ ಇಲ್ಲ. ಸುಟ್ಟರೂ ಗೊತ್ತಾಗುವುದಿಲ್ಲ, ಓದುವಾಗ ಅಕ್ಷರದ ನಡುವೆ ಒಂದು ಕಪ್ಪು ಚುಕ್ಕೆ ಕೂತಾಗಲೇ ತಿಳಿಯುವುದು. ಪೈಲಟ್ಟಿಗಂತೂ ಸುಡಬೇಕಾಗಿಯೇ ಇಲ್ಲ. ಕಿಲೋಮೀಟರುಗಟ್ಟಲೆ ದೂರದ ಕಿರಣ ಕಿಟಕಿ ಗಾಜಿನ ಸಣ್ಣ ಗೀರುಗಳಲ್ಲಿ ಚೆದುರಿ ಇಡೀ ಗಾಜು ಹಸಿರಾಗುತ್ತದೆ. ರನ್‌ವೇ ಕಾಣಬೇಕಾದ ಆ ಕೆಲವು ಸೆಕೆಂಡು ಏನೂ ಕಾಣದಿದ್ದರೆ ಸಾಕು. ಹಿಂದೆ ನೂರಾರು ಜನ ಕೂತಿರುತ್ತಾರೆ, ಮಾರಾಯ್ರೇ. ಅವರಿಗೇನು ಹೇಳ್ತೀರಿ, ಸುಮ್ನೆ ಬಿಟ್ಟೆ ಅಂತಲಾ?

ಎಚ್ಚರಿಕೆಯ ಹಳದಿ ಚೀಟಿ ಮಾತ್ರ ತಪ್ಪದೆ ಅಂಟಿಸಿರುತ್ತಾರೆ. ಕಿರಣವನ್ನು ನೇರ ನೋಡಬೇಡಿ ಅಂತ ಇರುವೆಗಾತ್ರದ ಅಕ್ಷರ, ಅದೂ ಕಿರಣ ಹೊರಡುವ ತೂತಿನ ಪಕ್ಕದಲ್ಲೇ. ಓದಬೇಕಾದರೆ ಪೆನ್ನಿನ ಬಾಯಿಯನ್ನು ಕಣ್ಣ ಹತ್ತಿರ ತರಲೇಬೇಕು. ಹೆಬ್ಬೆರಳು ಅಷ್ಟರಲ್ಲಿ ಬಟನ್ ಮೇಲೆ ಇರುತ್ತದೆ.