ಇವತ್ತು ಹದಿನೆಂಟು ಆತು!

ಬೆಳಗ್ಗೆ ತೆಳ್ಳೇವನ್ನು ಜೋನಿ ಬೆಲ್ಲದಲ್ಲಿ ಅದ್ದಿ ಬಾಯಿಗಿಡಬೇಕು, ಅಷ್ಟರಲ್ಲಿ ಮೆಸೇಜ್. ‘ನಿಮ್ಮ ಡೊಮೇನ್ ಅವಧಿ ಮುಗಿಯುತ್ತಿದೆ.’ ಡೊಮೇನ್ ಅಂದರೆ ವೆಬ್‌ಸೈಟಿನ ಹೆಸರು. ಕೊಳ್ಳುವಾಗ 99 ರೂಪಾಯಿ, ಈಗ ರಿನ್ಯೂ ಮಾಡಲು 849. ಬೆಲ್ಲವೂ ಕಹಿಯಾಯಿತು.

ಇಂಥವು ನನ್ನ ಹತ್ತಿರ ಐದಿವೆ. 2019ರಲ್ಲಿ ಶಿರಸಿ ಸುಪಾರಿಗೆ ಆ ಊರಿನದೇ ಮಾಲು ಎಂಬ ಜಿಐ ಟ್ಯಾಗ್ ಸಿಕ್ಕಿತಲ್ಲ, ಆಗ ಅಡಿಕೆ ಹೆಸರಲ್ಲಿ ಎರಡು ಕೊಂಡೆ. ಮಾರಿಜಾತ್ರೆ ಬಂದಾಗ ಮತ್ತೊಂದು. ರಾತ್ರಿ ಹನ್ನೊಂದರ ಮೇಲೆ ಮೊಬೈಲ್ ಹಿಡಿದರೆ ಯಾವ ಹೆಸರು ಕಂಡರೂ ಲಕ್ಷ ಬೆಳೆಯುವ ತೋಟ ಅನ್ನಿಸುತ್ತದೆ. ಬೆಳಗಾದರೆ ಬರೀ ಹುಲ್ಲಿನ ಬೇಣ. ಅದೂ ಸ್ವಂತದ್ದಲ್ಲ, ವರ್ಷ ವರ್ಷ ಗೇಣಿ ಕಟ್ಟುವ ಬೇಣ.

ಕಳೆದ ಮಳೆಗಾಲ ಒಂದನ್ನಾದರೂ ದುಡಿಸೋಣ ಎಂದು ಅಪ್ಪೆಮಿಡಿ ಬಗ್ಗೆ ಹನ್ನೆರಡು ಪುಟ ಬರೆದು ಹಾಕಿದೆ. ಅನಂತಭಟ್ಟನ ಅಪ್ಪೆ, ಜೀರಿಗೆ ಮಿಡಿ, ಉಪ್ಪಿಗೆ ಹಾಕುವ ಕ್ರಮ ಎಲ್ಲ. ಪಕ್ಕದಲ್ಲಿ ಗೂಗಲ್ ಜಾಹೀರಾತು. ಓದುವವರಿಗೆ ಅದು ಕಂಡಷ್ಟು ಸಲ ನನಗೆ ಚೂರು ಕಾಸು. 100 ಡಾಲರ್ ತುಂಬಿದ ಮೇಲೆ ಕೈಗೆ.

ಇದನ್ನು ದೊಡ್ಡಪ್ಪನ ಮುಂದೆ ಹೇಳಿದ್ದೇ ತಪ್ಪಾಯಿತು. ಒತ್ತಿದರೆ ಕಾಸು ಅಂದುಕೊಂಡರು.

ಮಾರನೇ ದಿನದಿಂದ ಅವರು ಕವಳ ಹಾಕಿಕೊಂಡು ಹಿತ್ತಿಲ ಹಲಸಿನ ಬುಡದಲ್ಲಿ ಕೂರತೊಡಗಿದರು. ಸಿಗ್ನಲ್ ಸಿಗೋದು ಅಲ್ಲೇ. ಸಂಜೆ ಫೋನ್. ‘ತಮಾ, ಇವತ್ತು ಹದಿನೆಂಟು ಆತು ನೋಡು!’ ಟ್ರ್ಯಾಕ್ಟರ್ ಒತ್ತಿದರು, ಕಂಪನಿಯವರು ಮೂರು ದಿನ ಬಿಡದೆ ಫೋನ್ ಮಾಡಿದರು. ಕೂದಲೆಣ್ಣೆ ಒತ್ತಿದರು, ತಲೆಯಲ್ಲಿ ಕೂದಲಿಲ್ಲ. ಒಂದು ದಿನ ವಧು-ವರರ ಸೈಟನ್ನೂ ಒತ್ತಿಬಿಟ್ಟರು. ಆಮೇಲೆ ಏನು ತೆರೆದರೂ ಹುಡುಗಿಯರೇ. ಅಡಿಕೆ ರೇಟು ನೋಡಲು ಹೋದರೂ ಪಕ್ಕದಲ್ಲಿ ಒಬ್ಬಳು ಸೀರೆಯುಟ್ಟು ನಗುತ್ತಾಳೆ. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ನೋಡಿದರು. ಎಪ್ಪತ್ನಾಲ್ಕರ ಗಂಡನನ್ನೂ ನೋಡಿದರು. ಆ ದಿನ ತಂಬುಳಿಗೆ ಉಪ್ಪಿರಲಿಲ್ಲವಂತೆ.

10 ಡಾಲರ್ ಆದಾಗ ವಿಳಾಸ ಖಾತ್ರಿಗೆ ಆರಂಕಿಯ ಪಿನ್ ಅಂಚೆಯಲ್ಲಿ ಬಂತು. ಊರಿನ ವಿಳಾಸ ಕೊಟ್ಟಿದ್ದೆ. ದೊಡ್ಡಪ್ಪ ಅದನ್ನು ಮದುವೆ ಕಾಗದದ ಹಾಗೆ ಕನ್ನಡಿಗೆ ಸಿಕ್ಕಿಸಿ, ಬಂದವರಿಗೆಲ್ಲ ತೋರಿಸಿದರು.

ತಿಂಗಳೊಳಗೆ ಖಾತೆ ಬಂದ್. ಸ್ವಂತ ಸೈಟಿನ ಜಾಹೀರಾತನ್ನು ನಾವೂ ಒತ್ತಬಾರದು, ಮನೆಯವರಿಂದಲೂ ಒತ್ತಿಸಬಾರದು. ಹಾಗಂತ ನಿಯಮ ಇರೋದು ನಿಜ. ನಾನೇ ಓದಿರಲಿಲ್ಲ. ಯಾರು ಓದುತ್ತಾರೆ?

ದೊಡ್ಡಪ್ಪನಿಗೆ ಇನ್ನೂ ಹೇಳಿಲ್ಲ. ಮಕ್ಕಳಿಬ್ಬರೂ ಬೆಂಗಳೂರಲ್ಲಿ. ಅಷ್ಟು ದೊಡ್ಡ ಮನೆಯಲ್ಲಿ ಇಬ್ಬರೇ. ಮೊದಲೆಲ್ಲ ಹಬ್ಬಕ್ಕೊಂದು ಫೋನ್ ಮಾಡುತ್ತಿದ್ದವರು ಈ ಹದಿನೆಂಟರ ನೆಪದಲ್ಲಿ ದಿನಾ ಮಾಡುತ್ತಿದ್ದರು. ಲೆಕ್ಕ ಒಪ್ಪಿಸಿದ ಮೇಲೆ ಕೊಳೆರೋಗ, ಮಂಗನ ಕಾಟ, ಹಂಡದ ಆಕಳು ಎಲ್ಲ ಬರುತ್ತಿತ್ತು.

849 ಕಟ್ಟಿದೆ. ಮತ್ತೆ ಫೋನ್ ರಿಂಗಾಯಿತು.

‘ತಮಾ, ಎಂತದೋ ಇದು, ಒತ್ತಲೆ ಒಂದೂ ಕಾಣ್ತಿಲ್ಲೆ?’

‘ಸಿಗ್ನಲ್ ಇರಲಿಕ್ಕಿಲ್ಲ ದೊಡ್ಡಪ್ಪ.’

‘ಹೌದಾ? ಹಂಗಾರೆ ಉಳಿದ ನಾಕು ಯಾವಾಗ ಶುರು ಮಾಡ್ತ್ಯೋ?’