ಮೂರನೆಯವರಿಗೆ ರಿಯಾಯಿತಿ

ರಾಯಚೂರಿಗೆ ಎರಡು ನದಿಗಳಿವೆ, ಸಮುದ್ರವಿಲ್ಲ. ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ, ನಡುವೆ ನಾವು ಮತ್ತು ನಮ್ಮ ಬಿಸಿಲು. ಜಲಯಾನ ಎಂದರೆ ಇಲ್ಲಿನವರಿಗೆ ಕುರುವಪುರ. ಕೃಷ್ಣೆಯ ನಡುಗಡ್ಡೆಯಲ್ಲಿರುವ ಶ್ರೀಪಾದ ಶ್ರೀವಲ್ಲಭರ ಆ ಕ್ಷೇತ್ರಕ್ಕೆ ಹರಿಗೋಲಿನಲ್ಲಿ ದಾಟಿ ಬಂದವರೆಲ್ಲ ತಮ್ಮನ್ನು ಅರೆ ನಾವಿಕರೆಂದೇ ತಿಳಿದಿದ್ದಾರೆ. ಹೀಗಾಗಿ ನಾವು ಸಮುದ್ರದ ಹಡಗು ಹತ್ತುತ್ತೇವೆಂಬ ಸುದ್ದಿ ಓಣಿಯಲ್ಲಿ ಹಬ್ಬಿದಾಗ ಸಲಹೆಗಳಿಗೆ ಬರವೇ ಇರಲಿಲ್ಲ. “ನಡುವೆ ಕೂಡಬೇಕು, ಅಂಚಿಗೆ ಕೈ ಹಾಕಬಾರದು, ಯಾರೂ ಎದ್ದು ನಿಲ್ಲಬಾರದು” ಎಂದು ಎದುರುಮನೆಯ ಕಾಕಾ ನಮ್ಮ ಅಂಗಳಕ್ಕೇ ಬಂದು ಹೇಳಿ ಹೋದರು. ಅದು ಹತ್ತು ಅಂತಸ್ತಿನ ಹಡಗು, ಅದರಲ್ಲಿ ಈಜುಕೊಳವೂ ಇದೆ ಎಂದರೆ ಅವರಿಗೆ ಸಿಟ್ಟು ಬಂದಿತು. “ನೀರಿನ ಮೇಲೆ ಹೋಗುವಾಗ ಮತ್ತೆ ನೀರು ಯಾಕೆ ಹೊತ್ತುಕೊಳ್ಳಬೇಕು?”

ಎಲ್ಲಕ್ಕೂ ಕಾರಣ ನಮ್ಮ ಮದುವೆಗೆ 25 ವರ್ಷ ತುಂಬಿದ್ದು. ನಮ್ಮ ಮನೆಯವರು ಹತ್ತಿ ಜಿನ್ನಿಂಗ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವವರು. ಹತ್ತಿ ತೂಗುವಾಗ ತೇವಾಂಶವೆಂದು ಒಂದಿಷ್ಟು ಕಳೆಯುವುದು ಆ ವ್ಯಾಪಾರದ ರೂಢಿ. ಇವರು ಜಗತ್ತಿನ ಎಲ್ಲ ಬೆಲೆಗಳಿಂದಲೂ ತೇವಾಂಶ ಕಳೆದೇ ನೋಡುತ್ತಾರೆ. ಮುಂಬೈನಿಂದ ಗೋವಾಕ್ಕೆ ಹೋಗಿ ಬರುವ ವಿಹಾರದ ಹಡಗಿನ ಜಾಹೀರಾತು ಮೊಬೈಲಿನಲ್ಲಿ ಕಂಡಾಗ ಮಾತ್ರ ವ್ಯವಹಾರ ತಿರುಗುಮುರುಗಾಯಿತು. ದೊಡ್ಡ ಅಕ್ಷರಗಳಲ್ಲಿದ್ದ ದರ ಒಬ್ಬರದು, ಅದೂ ಒಂದು ಕೋಣೆಯಲ್ಲಿ ಇಬ್ಬರಿದ್ದರೆ. ಅದರ ಮೇಲೆ ಬಂದರು ಶುಲ್ಕ, ಅದರ ಮೇಲೆ ಸೇವಾ ಶುಲ್ಕ, ಎಲ್ಲದರ ಮೇಲೆ ಜಿಎಸ್‌ಟಿ. ಇಲ್ಲಿ ತೇವಾಂಶವನ್ನು ಕಳೆಯುವ ಬದಲು ಕೂಡಿಸಿದ್ದರು. ನಮ್ಮ ಮನೆಯವರು ಕನ್ನಡಕ ತೆಗೆದು ಒರೆಸಿಕೊಂಡು ಕೆಳಗಿನ ಸಣ್ಣ ಅಕ್ಷರಗಳಿಗೆ ಇಳಿದರು. ಅದೇ ಕೋಣೆಯಲ್ಲಿ ಉಳಿಯುವ ಮೂರನೆಯವರಿಗೆ ಭಾರಿ ರಿಯಾಯಿತಿ ಎಂಬಲ್ಲಿ ಅವರ ಬೆರಳು ನಿಂತಿತು.

“ಅವ್ವನನ್ನೂ ಕರೆದುಕೊಂಡು ಹೋದರೆ ಸರಾಸರಿ ಇಳಿಯುತ್ತದೆ” ಎಂದರು.

ಹೀಗೆ ನಮ್ಮ ಬೆಳ್ಳಿಹಬ್ಬದ ಮಧುಚಂದ್ರಕ್ಕೆ ಅತ್ತೆಯವರು ಸೇರ್ಪಡೆಯಾದರು.

ಹಡಗಿನ ಕೋಣೆಗಳಲ್ಲಿ ಬಾಲ್ಕನಿ ಇರುವವು, ಕಿಟಕಿ ಮಾತ್ರ ಇರುವವು, ಎರಡೂ ಇಲ್ಲದೆ ಹಡಗಿನ ಹೊಟ್ಟೆಯೊಳಗಿರುವವು ಎಂದು ದರ್ಜೆಗಳಿವೆ. ನಮ್ಮದು ಯಾವುದೆಂದು ಬೇರೆ ಹೇಳಬೇಕಾಗಿಲ್ಲ. “ಸಮುದ್ರ ನೋಡಲು ಹೋಗಿ ಕಿಟಕಿಯಿಲ್ಲದ ಕೋಣೆಯಲ್ಲಿ ಮಲಗುವುದೆ? ನಮ್ಮ ಹಗೇವು ಇದ್ದ ಹಾಗಿದೆ” ಎಂದು ಅತ್ತೆಯವರು ಫೋಟೋ ನೋಡಿಯೇ ತಿರಸ್ಕರಿಸಿದರು. ಜೋಳ ತುಂಬಿಡುವ ನೆಲಮಾಳಿಗೆಯಲ್ಲಿ ಮನುಷ್ಯರನ್ನು ಇಡುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಹಗಲೂ ರಾತ್ರಿ ಏಸಿ ಓಡುತ್ತದೆ, ಕರೆಂಟ್ ಬಿಲ್ಲು ನಮಗೆ ಬರುವುದಿಲ್ಲ ಎಂದ ಮೇಲೆ ಒಪ್ಪಿದರು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನವರನ್ನು ಒಪ್ಪಿಸಲು ಇದಕ್ಕಿಂತ ಹೆಚ್ಚಿನ ವಾದ ಬೇಕಿಲ್ಲ.

ಕಾಕಾ ಇನ್ನೊಮ್ಮೆ ಬಂದರು. ಹುಬ್ಬಳ್ಳಿ ದಾಟಿ ಲೋಂಡಾ ಮೇಲೆ ಹೋದರೆ ಸಿಗುವ ಗೋವಾಕ್ಕೆ ಮುಂಬೈಗೆ ಹೋಗಿ ಅಲ್ಲಿಂದ ಯಾಕೆ ಬರುತ್ತೀರಿ ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ನಮ್ಮ ಮನೆಯವರು ಉತ್ತರ ಕೊಡದೆ ಚಹಾ ತರಿಸಿದರು.

ಹಡಗು ಯಾರಿಗಾಗಿಯೂ ಕಾಯುವುದಿಲ್ಲವಾದ್ದರಿಂದ ಮುಂಬೈಗೆ ಹಿಂದಿನ ದಿನವೇ ತಲುಪಬೇಕಿತ್ತು. ಲಾಡ್ಜಿನ ಬಾಡಿಗೆ ಉಳಿಸಲು ಕಲ್ಯಾಣದಲ್ಲಿರುವ ಇವರ ಸೋದರತ್ತೆಯ ಮಗನ ಮನೆಯಲ್ಲಿ ತಂಗುವುದೆಂದು ತೀರ್ಮಾನವಾಯಿತು. ರಾಯಚೂರಿನಿಂದ ಹೋಗುವ ರೈಲು ಮುಂಬೈಗಿಂತ ಮೊದಲು ಕಲ್ಯಾಣದಲ್ಲಿ ನಿಲ್ಲುತ್ತದೆ. ವಸತಿ ಪುಕ್ಕಟೆ. ಆದರೆ ಪುಕ್ಕಟೆ ವಸತಿಗೆ ಬರಿಗೈಯಲ್ಲಿ ಹೋಗಲು ಬರುತ್ತದೆಯೆ? ಸಿಂಧನೂರಿನ ಸೋನಾಮಸೂರಿ ಅಕ್ಕಿಯ 25 ಕಿಲೋ ಚೀಲ, ಎರಡು ಡಬ್ಬಿ ಶೇಂಗಾ ಹೋಳಿಗೆ, ಗುರೆಳ್ಳು ಪುಡಿ, ಅವರಿಗೊಂದು ಗಂಟು ಖಡಕ್ ರೊಟ್ಟಿ, ನಮಗೆ ದಾರಿಗೊಂದು ಗಂಟು. ರಾಯಚೂರು ನಿಲ್ದಾಣದಲ್ಲಿ ನಸುಕಿನ ಹಮಾಲಿ, ಕಲ್ಯಾಣದಲ್ಲಿ ಇನ್ನೊಬ್ಬ ಹಮಾಲಿ, ಚೀಲಕ್ಕೆಂದೇ ಎರಡನೆಯ ಆಟೋ. ಮನೆ ನಾಲ್ಕನೆಯ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಮೂರನೆಯ ಮಹಡಿಯ ತಿರುವಿನಲ್ಲಿ ಚೀಲದ ಮೇಲೆಯೇ ಕುಳಿತು ನಮ್ಮ ಮನೆಯವರು ಜೇಬಿನ ಡೈರಿ ತೆಗೆದು ಏನನ್ನೋ ಕೂಡಿಸಿದರು, ಆಮೇಲೆ ಹೊಡೆದುಹಾಕಿದರು. ಅಗ್ಗದ ಪ್ರಯಾಣದಲ್ಲಿ ಲಾಭದ ಲೆಕ್ಕವನ್ನು ದಾರಿಯ ನಡುವೆ ಮಾಡಬಾರದು.

ಊಟವಾದ ಮೇಲೆ ಆ ಮನೆಯ ಸೊಸೆ ಮಂಚದ ಕೆಳಗಿನಿಂದ ಒಂದು ಹಿತ್ತಾಳೆ ಕೊಡವನ್ನು ಎಳೆದು ತಂದಳು. “ಅತ್ತೆಯವರು ತೀರಿಕೊಂಡ ಮೇಲೆ ಇದನ್ನು ಬಳಸುವವರಿಲ್ಲ, ಇಡಲು ಜಾಗವಿಲ್ಲ. ಊರಿನದು ಊರಿಗೆ ಹೋಗಲಿ” ಎಂದಳು. ನನ್ನ ಅತ್ತೆಯವರ ಮುಖ ನೋಡಬೇಕಿತ್ತು! ಅದು ಅವರ ಅತ್ತೆಯ ಕೊಡ. ಸೊಸೆಗೆ ಬರಬೇಕಾದದ್ದು ಮಗಳ ಮದುವೆಯಲ್ಲಿ ನಾದಿನಿಯ ಪಾಲಾಗಿ ಮಹಾರಾಷ್ಟ್ರ ಸೇರಿತ್ತು. ಈ ಅನ್ಯಾಯವನ್ನು ನಾನು ಮದುವೆಯಾಗಿ ಬಂದಂದಿನಿಂದ ಕೇಳುತ್ತಿದ್ದೇನೆ. ಹಡಗಿಗೆ ಒಪ್ಪಲು ಅಷ್ಟು ಸತಾಯಿಸಿದವರು ಕಲ್ಯಾಣಕ್ಕೆ ಒಂದೇ ಮಾತಿಗೆ ಹೂಂ ಎಂದದ್ದು ಯಾಕೆಂದು ಆಗ ತಿಳಿಯಿತು. ಬರುವಾಗ ಒಯ್ಯೋಣವೆಂದರೆ, ಮರಳುವ ರೈಲನ್ನು ನಾವು ಹತ್ತುವುದು ಮುಂಬೈಯಲ್ಲಿ. “ಈಗ ಬಿಟ್ಟರೆ ಇನ್ನೊಂದು ತಲೆಮಾರು ಕಾಯಬೇಕು” ಎಂದು ಅತ್ತೆಯವರು ಕೊಡವನ್ನು ಸೊಂಟಕ್ಕೇರಿಸಿಕೊಂಡರು. ಜಾಗ ಹಾಳಾಗಬಾರದೆಂದು ಉಳಿದ ರೊಟ್ಟಿಗಳನ್ನು ಅದರೊಳಗೇ ಇಳಿಸಿದೆವು.

ಕಲ್ಯಾಣದಿಂದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ವರೆಗೆ 50 ಕಿಲೋಮೀಟರಿಗೂ ಮಿಕ್ಕಿದ ಲೋಕಲ್ ರೈಲಿನ ಪಯಣವನ್ನು ನಾನು ವರ್ಣಿಸುವುದಿಲ್ಲ. ಮಹಿಳೆಯರ ಬೋಗಿಯಲ್ಲಿ ಕೊಡಕ್ಕೆ ಸೀಟು ಸಿಕ್ಕಿತು, ನನಗೆ ಸಿಗಲಿಲ್ಲ ಎಂದಷ್ಟೇ ಹೇಳಿದರೆ ಸಾಕು.

ನಮ್ಮ ಹಡಗು ಹೊರಡುವ ಬಲ್ಲಾರ್ಡ್ ಪಿಯರ್ ಧಕ್ಕೆ ಆ ನಿಲ್ದಾಣಕ್ಕೆ ಹತ್ತಿರ. ಹಡಗು ಹತ್ತುವ ಮೊದಲು ವಿಮಾನ ನಿಲ್ದಾಣದಲ್ಲಿ ಇರುವಂತೆಯೇ ಸಾಮಾನುಗಳ ಎಕ್ಸ್‌ರೇ ತಪಾಸಣೆ. ಪರದೆಯ ಮೇಲೆ ದಪ್ಪ ಲೋಹದ ಗುಂಡಗಿನ ವಸ್ತು, ಅದರೊಳಗೆ ಒಂದರ ಮೇಲೊಂದು ಪೇರಿಸಿದ ತಟ್ಟೆಗಳು ಮೂಡಿದಾಗ ಕಾವಲಿನ ಹುಡುಗ ಹಿರಿಯರನ್ನು ಕರೆದ, ಹಿರಿಯರು ಇನ್ನೂ ಹಿರಿಯರನ್ನು ಕರೆದರು. ಅತ್ತೆಯವರು ಮುಂದೆ ಬಂದರು. ರಾಯಚೂರು 1948ರವರೆಗೆ ನಿಜಾಮರ ಆಡಳಿತದಲ್ಲಿತ್ತು. ಉರ್ದುವಿನಲ್ಲಿ ಓದಿದ ತಂದೆಯ ಮಗಳು ನಮ್ಮ ಅತ್ತೆ. ನಮ್ಮ ಕಡೆಯ ಉರ್ದುವಾದ ದಖನಿಯಲ್ಲಿ ಅವರು ಕೊಡದ ವಂಶಾವಳಿಯನ್ನೂ ನಾದಿನಿಯ ಗುಣವನ್ನೂ ಜೋಳದ ರೊಟ್ಟಿ ತಿಂಗಳುಗಟ್ಟಲೆ ಕೆಡದಿರುವ ಕಾರಣವನ್ನೂ ವಿವರಿಸಿದರು. ಅಧಿಕಾರಿ ಸಮಾಧಾನದಿಂದ ಕೇಳಿ ತೀರ್ಪು ಕೊಟ್ಟರು: ಕೊಡ ಬರಬಹುದು, ರೊಟ್ಟಿ ಬರಬಾರದು. ಹೊರಗಿನ ಆಹಾರಕ್ಕೆ ಹಡಗಿನಲ್ಲಿ ಪ್ರವೇಶವಿಲ್ಲ.

ರೊಟ್ಟಿಯನ್ನು ಕಸದ ಬುಟ್ಟಿಗೆ ಹಾಕುವ ಜನ ನಾವಲ್ಲ. ಅತ್ತೆಯವರು ಹೊರಗಿನ ಪಾದಚಾರಿ ಮಾರ್ಗದಲ್ಲೇ ಸೆರಗು ಸಿಕ್ಕಿಸಿಕೊಂಡು ಕುಳಿತರು. “ತಮ್ಮಾ, ಬಾ ಇಲ್ಲಿ” ಎಂದು ಟ್ಯಾಕ್ಸಿಯವರನ್ನೂ ಹಮಾಲರನ್ನೂ ಕರೆದು ಗುರೆಳ್ಳು ಪುಡಿ ಸವರಿ ಹಂಚಿದರು. ಬಹಳ ಬೇಗ ಖಾಲಿಯಾಯಿತು. ಹಡಗಿನವರು ಕೊಡದ ಕೊರಳಿಗೆ ನಮ್ಮ ಕೋಣೆಯ ಸಂಖ್ಯೆಯ ಚೀಟಿ ಕಟ್ಟಿ ಸೂಟ್‌ಕೇಸುಗಳ ಸಾಲಿನಲ್ಲಿ ನಿಲ್ಲಿಸಿದರು.

ಹತ್ತಿದ ಕೂಡಲೇ ಸುರಕ್ಷತಾ ಕವಾಯತು. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಹಲವು ದೇಶಗಳು ಸೇರಿ ಮಾಡಿಕೊಂಡ ಒಪ್ಪಂದದ ಸಂತತಿಯಿದು, ಯಾರೂ ತಪ್ಪಿಸುವಂತಿಲ್ಲ. ಅಪಾಯದ ಗಂಟೆ ಬಾರಿಸಿದಾಗ ಎಲ್ಲಿ ಸೇರಬೇಕು, ಜೀವರಕ್ಷಕ ಅಂಗಿಯನ್ನು ಹೇಗೆ ತೊಡಬೇಕು ಎಂದು ತೋರಿಸುತ್ತಾರೆ. “ಇದಕ್ಕೆ ಬೇರೆ ದುಡ್ಡೆ?” ಎಂದು ನಮ್ಮ ಮನೆಯವರು ಕೇಳಿದರು. ಇಲ್ಲವೆಂದಾಗ ಅವರ ಮುಖದಲ್ಲಿ ಮೊದಲ ಸಲ ವಿಹಾರದ ಕಳೆ ಬಂದಿತು.

ಊಟವೂ ಟಿಕೆಟ್ಟಿನಲ್ಲೇ ಸೇರಿತ್ತು. ಅದೇ ಅನಾಹುತಕ್ಕೆ ಮೂಲ. ಸಂಜೆಯಿಂದ ಮಧ್ಯರಾತ್ರಿಯವರೆಗೆ ಅವರು ಬಂದರು ಶುಲ್ಕವನ್ನು ಪಲಾವಿನಲ್ಲಿ, ಸೇವಾ ಶುಲ್ಕವನ್ನು ಗುಲಾಬ್ ಜಾಮೂನಿನಲ್ಲಿ ವಸೂಲು ಮಾಡಿದರು. ಜಿಎಸ್‌ಟಿಗೆ ಐಸ್‌ಕ್ರೀಮ್ ಸಾಲದೆ ಎರಡನೆಯ ಸುತ್ತು ಹೋದರು. ರಿಯಾಯಿತಿಯ ಮೂರನೆಯ ಹಾಸಿಗೆ ಎಲ್ಲಿದೆ ಎಂಬುದು ಮಲಗುವಾಗಷ್ಟೇ ತಿಳಿಯಿತು. ಗೋಡೆಯಿಂದ ಕೆಳಗೆ ಬಿಚ್ಚುವ ಮೇಲಿನ ಬರ್ತ್, ಹತ್ತಲು ಏಣಿ. ಎಪ್ಪತ್ತೈದು ದಾಟಿದ ತಾಯಿಯನ್ನು ಏಣಿ ಹತ್ತಿಸಲು ಬರುವುದಿಲ್ಲ. ಜಿಎಸ್‌ಟಿ ಸಮೇತ ಇವರೇ ಹತ್ತಿದರು.

ರಾತ್ರಿ ಗಾಳಿ ಎದ್ದು ಹಡಗು ಮೆಲ್ಲಗೆ ಹೊಯ್ದಾಡತೊಡಗಿತು. ಒಳಕಿವಿಯು ದೇಹ ಓಲಾಡುತ್ತಿದೆ ಎನ್ನುತ್ತದೆ, ಕಿಟಕಿಯಿಲ್ಲದ ಕೋಣೆಯಲ್ಲಿ ಕಣ್ಣು ಎಲ್ಲವೂ ನಿಂತಿದೆ ಎನ್ನುತ್ತದೆ. ಇಬ್ಬರ ಜಗಳ ಬಗೆಹರಿಯದಾದಾಗ ಹೊಟ್ಟೆ ತೊಳಸುತ್ತದೆ. ಕಗ್ಗತ್ತಲಲ್ಲಿ ಏಣಿ ಇಳಿದು ತಡಕಾಡಿದ ಇವರ ಕೈಗೆ ಮೊದಲು ಸಿಕ್ಕಿದ್ದು ದುಂಡಗಿನ, ಅಗಲ ಬಾಯಿಯ, ಆ ಕ್ಷಣಕ್ಕೆ ದೇವರೇ ಕಳಿಸಿದಂಥ ಒಂದು ಪಾತ್ರೆ.

“ಅದು ನಮ್ಮ ಅತ್ತೆಯ ಕೊಡ!”

ಮಂಡಿನೋವೆಂದು ಮನೆಯ ಮೆಟ್ಟಿಲು ಇಳಿಯದ ಅತ್ತೆಯವರು ಅಷ್ಟು ಚುರುಕಾಗಿ ಎದ್ದದ್ದನ್ನು ನಾನು ಕಂಡದ್ದು ಅದೇ ಮೊದಲು. ಕಂಡದ್ದು ಎಂದೆ, ಕತ್ತಲಲ್ಲಿ ಏನೂ ಕಾಣಲಿಲ್ಲ. ಕೊಡ ಠಣ್ಣೆಂದಿತು, ಸ್ನಾನದ ಕೋಣೆಯ ಬಾಗಿಲು ಧಡಾರೆಂದಿತು, ಆಮೇಲಿನ ಸದ್ದುಗಳನ್ನು ಬರೆಯುವುದು ಬೇಡ.

ಕಿಟಕಿಯಿಲ್ಲದಲ್ಲಿ ಬೆಳಗಾಗುವುದಿಲ್ಲ. ನಡುಸಮುದ್ರದಲ್ಲಿ ಉಪಗ್ರಹದ ರೋಮಿಂಗ್ ಶುಲ್ಕ ಬಿದ್ದೀತೆಂದು ಇವರು ಮೊಬೈಲುಗಳನ್ನೆಲ್ಲ ಪೂರ್ತಿ ಆರಿಸಿ ಸೂಟ್‌ಕೇಸಿನಲ್ಲಿಟ್ಟಿದ್ದರು, ಹಾಗಾಗಿ ಅಲಾರಾಂ ಕೂಡ ಇರಲಿಲ್ಲ. ನಾವು ಎದ್ದು ಮೇಲೆ ಹೋಗುವಷ್ಟರಲ್ಲಿ ಉಪಾಹಾರದ ಮೇಜುಗಳನ್ನು ಒರೆಸುತ್ತಿದ್ದರು. ದುಡ್ಡು ಕೊಟ್ಟ ಒಂದು ಹೊತ್ತು ಕೈಬಿಟ್ಟದ್ದು ಇವರಿಗೆ ವಾಂತಿಗಿಂತ ಹೆಚ್ಚು ನೋವು ಕೊಟ್ಟಿತು. ತೆರೆದ ಡೆಕ್ಕಿನಲ್ಲಿ ನಿಂತು ದಿಗಂತವನ್ನೇ ನೋಡುತ್ತಿರಿ, ಶುಂಠಿ ಚೀಪಿ, ಆದಷ್ಟು ಹಡಗಿನ ನಡುಭಾಗದಲ್ಲಿರಿ, ಅಲ್ಲಿ ಓಲಾಟ ಕಡಿಮೆ ಎಂದು ಅಲ್ಲಿದ್ದ ಹುಡುಗಿ ಹೇಳಿದಳು. ಕುರುವಪುರದ ಹರಿಗೋಲಿನ ಶಾಸ್ತ್ರ ಸಮುದ್ರಕ್ಕೂ ಸಲ್ಲುತ್ತದೆ ಎಂದು ಕಾಕಾನಿಗೆ ತಿಳಿಸುವಂತಿಲ್ಲ, ತಿಳಿಸಿದರೆ ಓಣಿಯಲ್ಲಿ ಬದುಕಲು ಬಿಡುವುದಿಲ್ಲ.

ಗೋವಾದ ಮೊರ್ಮುಗಾವ್ ಬಂದರಿನಲ್ಲಿ ಮೊದಲು ಕಂಡದ್ದು ಕಲ್ಲಿದ್ದಲು. ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಜಿಲ್ಲೆಯಿಂದ ಬಂದ ಅತ್ತೆಯವರು “ಇದನ್ನು ನೋಡಲು ಶಕ್ತಿನಗರದ ಬಸ್ಸು ಹತ್ತಿದ್ದರೆ ಸಾಲುತ್ತಿರಲಿಲ್ಲವೆ?” ಎಂದು ಇಳಿಯಲೇ ಒಪ್ಪಲಿಲ್ಲ. ಕೋಣೆಯಲ್ಲಿ ಕೊಡ ಒಂಟಿಯಾಗುತ್ತದೆ ಎಂಬ ಚಿಂತೆಯೂ ಇತ್ತೆಂದು ನನ್ನ ಗುಮಾನಿ. ನಾವಿಬ್ಬರೇ ಪಕ್ಕದ ವಾಸ್ಕೋ ಊರಿನ ಪೇಟೆಯಲ್ಲಿ ಅಡ್ಡಾಡಿ, ತಲಾ ಒಂದು ಸೋಡಾ ಕುಡಿದು ಬಂದೆವು. ಇಡೀ ಬೆಳ್ಳಿಹಬ್ಬದಲ್ಲಿ ಮೂರನೆಯವರಿಲ್ಲದೆ ಕಳೆದದ್ದು ಅದೊಂದೇ ಹೊತ್ತು. ಬಂದು ನೋಡಿದರೆ ಕೋಣೆಯ ಹುಡುಗ ಬಿಳಿ ಟವೆಲನ್ನು ಆನೆಯ ಆಕಾರಕ್ಕೆ ಮಡಚಿ ಕೊಡದ ಬಾಯಿಯ ಮೇಲೆ ಕೂಡಿಸಿದ್ದ, ಅತ್ತೆಯವರು ಅದಕ್ಕೆ ಕುಂಕುಮ ಹಚ್ಚಿದ್ದರು.

ಮುಂಬೈಗೆ ಮರಳಿ ಇಳಿದಾಗ ನೂರಾರು ಕಪ್ಪು ಸೂಟ್‌ಕೇಸುಗಳ ನಡುವೆ ಎಲ್ಲರೂ ತಮ್ಮದಕ್ಕಾಗಿ ಪರದಾಡುತ್ತಿದ್ದರೆ ನಮ್ಮದು ದೂರದಿಂದಲೇ ಹೊಳೆಯುತ್ತಿತ್ತು. ತಂಪುಕನ್ನಡಕದ ಹೆಂಗಸೊಬ್ಬರು ಬಗ್ಗಿ, ಬೆರಳಿನಿಂದ ತಟ್ಟಿ, ಇದನ್ನು ಹಡಗಿನ ಅಂಗಡಿಯಲ್ಲಿ ಕೊಂಡಿರಾ, ತಮಗೆ ಇಂಥದ್ದೇ ಬೇಕಿತ್ತು ಎಂದು ಹಿಂದಿಯಲ್ಲಿ ಕೇಳಿದರು. ನಮ್ಮ ಮನೆಯವರ ಕಣ್ಣಲ್ಲಿ ಜೀವ ಬಂದಿತು. ಜೇಬಿನಿಂದ ಡೈರಿ ತೆಗೆದು, ಪೆನ್ನಿನ ಟೋಪಿ ಬಿಚ್ಚಿ, “ಎಷ್ಟಕ್ಕೆ ಕೇಳುತ್ತೀರಿ?” ಎಂದರು.

ಅತ್ತೆಯವರು ಆಗಲೇ ಕೊಡವನ್ನು ಸೊಂಟಕ್ಕೇರಿಸಿ ಟ್ಯಾಕ್ಸಿಗಳ ಕಡೆ ನಡೆದಿದ್ದರು. “ಬೇಕಾದರೆ ಅವನನ್ನು ಕೊಂಡುಕೊಳ್ಳಮ್ಮ” ಎಂದು ದಖನಿಯಲ್ಲಿ ಕೂಗಿ ಹೇಳಿದರು. “ಮೂರನೆಯವನಿಗೆ ರಿಯಾಯಿತಿ ಇದೆ.”