ಸರ್ವರ್‌ನಲ್ಲಿ ಎಸ್‌ಇಲಿನಕ್ಸ್ ಸದಾ ಆನ್ ಇರಬೇಕೇ?

ಪರ

ಎಸ್‌ಇಲಿನಕ್ಸ್ ಅಂದರೆ ಲಿನಕ್ಸ್ ಒಳಗಿನ ಕಾವಲುಗಾರ. ಫೈಲ್‌ಗೂ ಪ್ರೋಗ್ರಾಮ್‌ಗೂ ಲೇಬಲ್ ಅಂಟಿಸಿ, ಯಾವುದು ಯಾವುದನ್ನು ಮುಟ್ಟಬಹುದು ಅಂತ 'ಪಾಲಿಸಿ' ಎಂಬ ನಿಯಮಪಟ್ಟಿ ನೋಡಿ ಬಿಡುತ್ತದೆ. ದಾವಣಗೆರೆಯ ಒಂದು ಬಟ್ಟೆ ಅಂಗಡಿಯ ಸರ್ವರ್ ನೋಡಿಕೊಳ್ಳುವವನು ನಾನು. ದೀಪಾವಳಿ ವಾರ ಬಿಲ್ಲಿಂಗ್ ಪೇಜ್ ತೆರೆದರೆ 403, ಅಂದರೆ 'ಪ್ರವೇಶವಿಲ್ಲ'. ಫೈಲ್ ಇದೆ, ಪರ್ಮಿಷನ್ 644 (ಎಲ್ಲರೂ ಓದಬಹುದು), ಪೇಜ್ ಕೊಡುವ ವೆಬ್ ಸರ್ವರ್ ಅಪಾಚೆ ಓಡುತ್ತಿದೆ. "ಬೆಣ್ಣೆ ದೋಸೆ ತಿಂದು ಬರ್ತೀನಿ, ಅಷ್ಟರೊಳಗೆ ಸರಿ ಮಾಡಪ್ಪ" ಅಂತ ಮಾಲೀಕರು ಹೊರಟರು. ಸುಳ್ಳು ಹೇಳಲ್ಲ, ಕೈ ಎಸ್‌ಇಲಿನಕ್ಸ್ ತಡೆಯದಂತೆ ಮಾಡುವ 'ಸೆಟ್‌ಎನ್‌ಫೋರ್ಸ್ 0' ಕಡೆಗೇ ಹೋಗಿತ್ತು. ಅದಕ್ಕೆ ಮುಂಚೆ ಲೇಬಲ್ ತೋರಿಸುವ 'ಎಲ್‌ಎಸ್ -ಝಡ್' ಕೊಟ್ಟು ನೋಡಿದೆ. ಎಲ್ಲ ಫೈಲ್ ಮೇಲೂ 'ಯೂಸರ್_ಹೋಮ್_ಟಿ', ಅಂದರೆ ಹೋಮ್ ಫೋಲ್ಡರ್‌ನ ಲೇಬಲ್! ಹಿಂದಿನ ರಾತ್ರಿ ಹೋಮ್ ಫೋಲ್ಡರ್‌ನಿಂದ ನಾನೇ 'ಎಂವಿ' ಮಾಡಿದ್ದೆ, ಅಂದರೆ ಸರಿಸಿದ್ದೆ. ಎಂವಿ ಹಳೆ ಲೇಬಲ್ ಹೊತ್ತುಕೊಂಡೇ ಬರುತ್ತದೆ. 'ಸಿಪಿ', ಅಂದರೆ ನಕಲು, ಮಾಡಿದ್ದರೆ ಹೊಸ ಜಾಗದ್ದು ಸಿಗುತ್ತಿತ್ತು. ಲೇಬಲ್ ಸರಿಪಡಿಸುವ 'ರೀಸ್ಟೋರ್‌ಕಾನ್' ಓಡಿಸಿದೆ, ಪೇಜ್ ಬಂತು. ಅವರ ದೋಸೆ ಇನ್ನೂ ಹಂಚಿನ ಮೇಲೇ ಇದ್ದಿರಬೇಕು.

ತಪ್ಪು ನನ್ನದು, ಬೈಸಿಕೊಳ್ಳುವುದು ಎಸ್‌ಇಲಿನಕ್ಸ್. ಅಪಾಚೆಯನ್ನು ಯಾರಾದರೂ ಮುರಿದು ಒಳಗೆ ಬಂದರೂ, ಪಾಲಿಸಿ ಬಿಡದ ಫೈಲ್ ಮುಟ್ಟಲಾಗದು. 2019ರಲ್ಲಿ ಕಂಟೇನರ್‌ನಿಂದ (ಪ್ರೋಗ್ರಾಮನ್ನು ಪ್ರತ್ಯೇಕವಾಗಿ ಓಡಿಸುವ ಆವರಣ) ಹೊರಬಂದು ಇಡೀ ಯಂತ್ರ ಹಿಡಿಯಬಹುದಾದ ದೋಷ, ಕಂಟೇನರ್ ಓಡಿಸುವ ರನ್‌ಸಿ ಎಂಬ ಸಾಧನದಲ್ಲಿ ಸಿಕ್ಕಿತು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7ರಲ್ಲಿ ಎಸ್‌ಇಲಿನಕ್ಸನ್ನು ಎನ್‌ಫೋರ್ಸಿಂಗ್ (ನಿಯಮ ಮೀರಿದ್ದನ್ನು ತಡೆಯುವ ಸ್ಥಿತಿ) ಇಟ್ಟಿದ್ದವರನ್ನು ಕಾಯ್ದದ್ದು ಇದೇ. ತೀರಾ ಅವಸರವೇ? 'ಸೆಮ್ಯಾನೇಜ್ ಪರ್ಮಿಸಿವ್ -ಎ ಎಚ್‌ಟಿಟಿಪಿಡಿ_ಟಿ' ಅನ್ನಿ. ಅಪಾಚೆ ಒಂದು ಮಾತ್ರ ಸಡಿಲವಾಗುತ್ತದೆ, ಉಳಿದದ್ದು ಭದ್ರ. ಅರ್ಥ ಆಗಲ್ಲ ಅಂತ ಪೂರ್ತಿ ಆಫ್ ಮಾಡುವವರು, ಫ್ಯೂಸ್ ಪದೇ ಪದೇ ಹೋಗುತ್ತೆ ಅಂತ ದಪ್ಪ ತಂತಿ ಸಿಕ್ಕಿಸುವ ಜನ.

ವಿರೋಧ

ಈ ಕಡೆ ಬರೆಯಲು ಬೇರೆ ಯಾರೂ ಸಿಗಲಿಲ್ಲವಂತೆ, ನನ್ನ ತಲೆಗೆ ಬಂತು. ನನ್ನ ಸ್ವಂತ ಸರ್ವರ್‌ನಲ್ಲಿ ಅದು ಆನ್ ಇದೆ, ಮೊದಲೇ ಹೇಳಿಬಿಡುತ್ತೇನೆ.

ಆದರೂ ಏಳು ಸುತ್ತಿನ ಕೋಟೆ ದುರ್ಗಕ್ಕೆ ಸರಿ, ಮಂಡಕ್ಕಿ ಭಟ್ಟಿಯ ಲೆಕ್ಕಕ್ಕೂ ಬೇಕೇ? ಕಂಟೇನರ್ ಕಥೆ ಚೆನ್ನಾಗಿದೆ. ಭಟ್ಟಿಯಲ್ಲಿರುವ ಕಂಟೇನರ್ ಅಂದರೆ ಡಬ್ಬ ಮಾತ್ರ.

ಅಪಾಚೆಯನ್ನು ಅದರ ಪಾಲಿಸಿಯಲ್ಲಿಲ್ಲದ 3131ನೇ ಪೋರ್ಟ್‌ಗೆ (ಸಂಪರ್ಕದ ಬಾಗಿಲ ಸಂಖ್ಯೆ) ಬದಲಿಸಿ ನೋಡಿ. 'ಪರ್ಮಿಷನ್ ಡಿನೈಡ್' ಅಂದು ಸುಮ್ನಾಗುತ್ತದೆ. ಅಸಲಿ ಕಾರಣ, ತಡೆದದ್ದನ್ನು ಬರೆದಿಡುವ ಆಡಿಟ್ ಲಾಗ್‌ನೊಳಗೆ, ಉದ್ದನೆಯ ಒಂದು ಸಾಲಿನಲ್ಲಿ ಅವಿತಿರುತ್ತದೆ. ಆಗ ಜನ ಮಾಡೋದೇನು? ತಡೆದದ್ದನ್ನು ಬಿಡುವ ನಿಯಮ ಬರೆದುಕೊಡುವ 'ಆಡಿಟ್2ಅಲೌ' ಕೊಟ್ಟದ್ದನ್ನು ಓದದೆ ಹಾಗೇ ಹಾಕಿಬಿಡುತ್ತಾರೆ. ಬೀಗ ತೆಗೆದೇ ಇದೆ, ಹಾಕಿದೆ ಅನ್ನೋ ಧೈರ್ಯ ಬೇರೆ. ಸಣ್ಣ ಕಡೆ ಅಪ್‌ಡೇಟ್, ಫೈರ್‌ವಾಲ್, ಬ್ಯಾಕಪ್ ಇಷ್ಟು ನೆಟ್ಟಗೆ ಮಾಡಿದರೆ ಸಾಕು.

ಪರದವರಿಗೆ ಲೇಬಲ್ ನೋಡಬೇಕು ಅಂತ ಹೊಳೆಯಿತು, ಸರಿ. ಅವರು ಊರಲ್ಲಿಲ್ಲದ ದಿನ ಕೌಂಟರ್ ಹುಡುಗ ಯಾರಿಗೆ ಫೋನ್ ಮಾಡಬೇಕು?